ಪರ್ಯಾಯ ಪಡಿತರ ಪದ್ಧತಿ (ಜಹೀರಾಬಾದ್)

ಪರ್ಯಾಯ ಪಡಿತರ ಪದ್ಧತಿ: ತೆಲಂಗಾಣದ ಜಹೀರಾಬಾದ್ ಸುತ್ತಲಿನ ಹಳ್ಳಿಗಳಲ್ಲಿ ಮಹಿಳಾ ಸಂಘಗಳು ನಡೆಸಿದ, ಸ್ಥಳೀಯವಾಗಿ ಬೆಳೆದ ಜೋಳವನ್ನು ಊರಲ್ಲೇ ಸಂಗ್ರಹಿಸಿ ಬಡವರಿಗೆ ಹಂಚುವ ಸಾಮುದಾಯಿಕ ಆಹಾರ ವ್ಯವಸ್ಥೆ. ಸಮುದಾಯ ಧಾನ್ಯ ನಿಧಿ ಎಂಬುದು ಇದರ ಇನ್ನೊಂದು ಹೆಸರು. ಬೀದರ್ ಗಡಿಗೆ ಹತ್ತಿರವಾದ ಈ ಪ್ರದೇಶ ಮಳೆಯಾಶ್ರಿತ ಒಣಭೂಮಿ.

ಮೂಲ: 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1990ರ ದಶಕದಲ್ಲಿ ಇದನ್ನು ರೂಪಿಸಿತು. ಸಂಸ್ಥೆಯ ಸ್ಥಾಪಕರಲ್ಲಿ ಪ್ರಮುಖರು ಮೈಸೂರು ಮೂಲದ ಪಿ.ವಿ. ಸತೀಶ್ (1945–2023). ಸಂಘಗಳ ಸದಸ್ಯರಲ್ಲಿ ಹೆಚ್ಚಿನವರು ದಲಿತ ಮಹಿಳೆಯರು. ಸರ್ಕಾರಿ ಪಡಿತರದ ಅಕ್ಕಿ ಬಳಕೆ ಹೆಚ್ಚಿ, ಜೋಳದ ಹೊಲಗಳು ಪಾಳುಬಿದ್ದುದು ಈ ಪದ್ಧತಿಯ ಹಿನ್ನೆಲೆ.

ಕಾರ್ಯವಿಧಾನ: ಪಾಳುಭೂಮಿಯ ಉಳುಮೆ, ಗೊಬ್ಬರ, ಬಿತ್ತನೆಗೆ ಸಂಘ ಸಾಲ ನೀಡುತ್ತದೆ. ರೈತರು ಅದನ್ನು ಹಣದ ಬದಲು ಜೋಳದ ರೂಪದಲ್ಲಿ ಕಂತುಗಳಲ್ಲಿ ತೀರಿಸುತ್ತಾರೆ. ಧಾನ್ಯ ಊರಲ್ಲೇ ದಾಸ್ತಾನಾಗುತ್ತದೆ. ಬಡ ಕುಟುಂಬಗಳನ್ನು ಗ್ರಾಮಸ್ಥರೇ ಸೇರಿ ಗುರುತಿಸುತ್ತಾರೆ. ಆಹಾರ ಕೊರತೆಯ ತಿಂಗಳುಗಳಲ್ಲಿ ಅವರಿಗೆ ಕಡಿಮೆ ದರಕ್ಕೆ ಜೋಳ ದೊರೆಯುತ್ತದೆ. ಮಾರಾಟದ ಹಣ ಮತ್ತೆ ಕೃಷಿಗೆ ಬಂಡವಾಳವಾಗುತ್ತದೆ.

ಪೂರಕ ಚಟುವಟಿಕೆಗಳು: ನವಣೆ, ಸಜ್ಜೆ, ತೊಗರಿ ಮೊದಲಾದವುಗಳ ಮಿಶ್ರಬೆಳೆ, ಮಹಿಳೆಯರ ಬೀಜ ಭಂಡಾರಗಳು, ಎತ್ತಿನ ಗಾಡಿಗಳ ಮೆರವಣಿಗೆಯಿರುವ ವಾರ್ಷಿಕ ಜೀವವೈವಿಧ್ಯ ಜಾತ್ರೆ ಹಾಗೂ 2008ರಲ್ಲಿ ಪ್ರಸಾರ ಆರಂಭಿಸಿದ ಸಂಘಂ ರೇಡಿಯೊ.

ಮಹತ್ವ: ಉತ್ಪಾದನೆ, ಸಂಗ್ರಹ, ವಿತರಣೆ ಮೂರನ್ನೂ ಗ್ರಾಮದ ಮಟ್ಟದಲ್ಲಿ ಜೋಡಿಸಿದ ಈ ಮಾದರಿ, ಪಡಿತರದಲ್ಲಿ ಸಿರಿಧಾನ್ಯಗಳನ್ನು ಸೇರಿಸಬೇಕೆಂಬ ಬೇಡಿಕೆಗೆ ನಿದರ್ಶನವಾಯಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಸಿರಿಧಾನ್ಯಗಳೂ ಸೇರಿದ ಒರಟು ಧಾನ್ಯಗಳಿಗೂ ಸ್ಥಾನ ದೊರೆಯಿತು. ಸಂಸ್ಥೆಯ ಸಂಘಗಳಿಗೆ 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಸಂದಿತು.