ಟಿಪ್ಪಣಿ ಕಡತದಿಂದ ಚಂದ್ರಲೋಕಕ್ಕೆ

ಜೂಲ್ಸ್ ವರ್ನ್ ಹೆಸರು ಬಂದರೆ ಸಾಕು, ಜಲಾಂತರ್ಗಾಮಿಯನ್ನು ಮೊದಲೇ ಕಂಡವನು, ಚಂದ್ರಯಾನವನ್ನು ನೂರು ವರ್ಷ ಮುಂಚೆ ನುಡಿದವನು ಎಂಬ ಹೊಗಳಿಕೆ ಬೆನ್ನಿಗೇ ಬರುತ್ತದೆ. ಈ ಜೋಯಿಸನ ಪಟ್ಟ ಆತನ ನಿಜವಾದ ಕಸುಬನ್ನೇ ಮರೆಸಿಬಿಟ್ಟಿದೆ ಎಂಬುದು ನನ್ನ ತಕರಾರು. 1828ರಲ್ಲಿ ನಾಂತ್ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿದ ವರ್ನ್, ವಕೀಲನಾಗಿದ್ದ ಅಪ್ಪನ ಇಚ್ಛೆಯಂತೆ ಕಾನೂನು ಓದಿದ. ಪ್ಯಾರಿಸ್ಸಿನಲ್ಲಿ ನಾಟಕ ಬರೆದ. ಸಂಸಾರ ನಡೆಸಲು ಷೇರುಪೇಟೆಯ ದಲ್ಲಾಳಿಯಾದ. 1862ರಲ್ಲಿ ಎತ್ಸೆಲ್ ಎಂಬ ಪ್ರಕಾಶಕನ ಜೊತೆ ಕರಾರಾಯಿತು, ಮರುವರ್ಷ 'ಬಲೂನಿನಲ್ಲಿ ಐದು ವಾರ' ಹೊರಬಂತು. 1864ರಲ್ಲಿ ಎತ್ಸೆಲ್ ಮನೆಮಂದಿಯೆಲ್ಲ ಓದಬಹುದಾದ ಪತ್ರಿಕೆಯೊಂದನ್ನು ಶುರುಮಾಡಿದ. ಭೂಗೋಳ, ಭೂಗರ್ಭ, ಭೌತಶಾಸ್ತ್ರ, ಖಗೋಳ ಎಂದು ಆ ಕಾಲ ಕೂಡಿಹಾಕಿದ್ದ ತಿಳಿವಳಿಕೆಯನ್ನೆಲ್ಲ ಕಥೆಯ ರೂಪದಲ್ಲಿ ಮಕ್ಕಳಿಗೂ ದೊಡ್ಡವರಿಗೂ ಮುಟ್ಟಿಸುವುದು ಆತನ ಯೋಜನೆ. ವರ್ನ್‌ನ ಐವತ್ತಕ್ಕೂ ಹೆಚ್ಚು ಕಾದಂಬರಿಗಳು ಈ ಯೋಜನೆಯ ಚೌಕಟ್ಟಿನಲ್ಲೇ ಬಂದವು. ಆ ಚೌಕಟ್ಟಿಗೆ ಬೇಕಿದ್ದದ್ದು ಆಗಲೇ ಗೊತ್ತಿದ್ದ ಸಂಗತಿ.

ಹಾಗಾಗಿ ವರ್ನ್ ದಿನವೂ ಹಲವು ಪತ್ರಿಕೆಗಳನ್ನು ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ; ಕೊನೆಗಾಲಕ್ಕೆ ಅವು ಇಪ್ಪತ್ತು ಸಾವಿರದಷ್ಟಾಗಿದ್ದವೆಂದು ತಾನೇ ಹೇಳಿಕೊಂಡಿದ್ದಾನೆ. ಕಾದಂಬರಿಯ ಜಲಾಂತರ್ಗಾಮಿಗೆ ಇಟ್ಟ 'ನಾಟಿಲಸ್' ಎಂಬ ಹೆಸರು ಕೂಡ ಆತನ ಸೃಷ್ಟಿಯಲ್ಲ: ರಾಬರ್ಟ್ ಫುಲ್ಟನ್ 1800ರಲ್ಲೇ ಫ್ರಾನ್ಸಿನಲ್ಲಿ ಆ ಹೆಸರಿನ ಮುಳುಗುದೋಣಿ ಕಟ್ಟಿ ಪರೀಕ್ಷಿಸಿದ್ದ. ಫ್ರೆಂಚ್ ನೌಕಾಪಡೆ 'ಪ್ಲಾಂಜರ್' ಎಂಬ ಜಲಾಂತರ್ಗಾಮಿಯನ್ನು ನೀರಿಗಿಳಿಸಿದ್ದು 1863ರಲ್ಲಿ. ವರ್ನ್‌ನ ನಾಟಿಲಸ್ ನಡೆಸುವ ನೆಮೋನ ಕಥೆ ಧಾರಾವಾಹಿಯಾಗಿ ಶುರುವಾದದ್ದು 1869ರಲ್ಲಿ. ಸರಿ, ಚಂದ್ರಯಾನದ ಮಾತೇನು, ಅಪೋಲೋ ಹೊರಟ ಫ್ಲೋರಿಡಾವನ್ನೇ ಆತ 1865ರಲ್ಲಿ ಹೆಸರಿಸಿದನಲ್ಲ ಎಂದು ಕೇಳುವವರುಂಟು. ಕಾದಂಬರಿಯನ್ನೇ ತೆರೆದು ನೋಡಿದರೆ ಉತ್ತರ ಅಲ್ಲಿದೆ. ಚಂದ್ರ ನೆತ್ತಿಯ ಮೇಲೆ ಬರಬೇಕಾದರೆ ಚಂದ್ರನತ್ತ ಗುಂಡು ಹಾರಿಸುವ ಫಿರಂಗಿಯನ್ನು ಸಮಭಾಜಕದಿಂದ 28 ಡಿಗ್ರಿಯೊಳಗೆ ಹೂಳಬೇಕು. ಆಗಿನ ಅಮೆರಿಕದಲ್ಲಿ ಅಂಥ ನೆಲ ಫ್ಲೋರಿಡಾ, ಟೆಕ್ಸಾಸ್‌ಗಳಲ್ಲಿ ಮಾತ್ರ. ಎರಡೂ ರಾಜ್ಯಗಳು ತಮಗೇ ಬೇಕೆಂದು ಕಿತ್ತಾಡುವುದನ್ನೂ ವರ್ನ್ ನಗುನಗುತ್ತಾ ಬರೆದಿದ್ದಾನೆ. ಇದು ನಕಾಶೆ ಮುಂದಿಟ್ಟುಕೊಂಡು ಹಾಕಿದ ಲೆಕ್ಕ. ಆ ಲೆಕ್ಕವೂ ಎಲ್ಲ ಕಡೆ ನಿಲ್ಲುವುದಿಲ್ಲ: 900 ಅಡಿಯ ನಳಿಗೆಯೊಳಗೆ ಸೆಕೆಂಡಿಗೆ ಹನ್ನೊಂದು ಕಿಲೋಮೀಟರ್ ವೇಗಕ್ಕೆ ಏರಬೇಕಾದ ಗುಂಡಿನಲ್ಲಿ ಕೂತ ಮೂವರು ಪ್ರಯಾಣಿಕರ ಮೇಲೆ ಬೀಳುವ ಒತ್ತಡ ಗುರುತ್ವದ ಇಪ್ಪತ್ತು ಸಾವಿರ ಪಟ್ಟು ಮೀರುತ್ತದೆ. ಮೂವರೂ ಹೊರಡುವ ಮೊದಲೇ ಅಪ್ಪಚ್ಚಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. 'ಇಪ್ಪತ್ತನೆಯ ಶತಮಾನದ ಪ್ಯಾರಿಸ್' ಎಂಬ ಹಸ್ತಪ್ರತಿ 1994ರಲ್ಲಿ ಅಚ್ಚಾದಾಗ, ಅದರಲ್ಲಿ ಫ್ಯಾಕ್ಸ್‌ನಂಥ ಯಂತ್ರವಿದೆ ಎಂದು ಜನ ಬೆರಗಾದರು. ಆದರೆ ಆ ಯಂತ್ರ ಇಟಲಿಯ ಕಸೆಲ್ಲಿಯದೆಂದು ವರ್ನ್ ಅಲ್ಲೇ ಹೇಳಿದ್ದಾನೆ. 1860ರ ದಶಕದಲ್ಲಿ ತಂತಿಯ ಮೂಲಕ ಚಿತ್ರ ಕಳಿಸುವ ಅದು ಪ್ಯಾರಿಸ್ ಮತ್ತು ಲಿಯೋನ್ ನಡುವೆ ಕೆಲಸ ಮಾಡುತ್ತಲೂ ಇತ್ತು. ಭವಿಷ್ಯ ಬರೆಯಲು ಹೊರಟ ಆ ಒಂದು ಪುಸ್ತಕವನ್ನು ಎತ್ಸೆಲ್ ತಿರಸ್ಕರಿಸಿದ ಎನ್ನುವುದೇ ಆ ಅಂಗಡಿಯಲ್ಲಿ ಯಾವ ಸರಕಿಗೆ ಬೆಲೆಯಿತ್ತು ಎಂಬುದಕ್ಕೆ ಸಾಕ್ಷಿ.

ಹಾಗೆಂದು ವರ್ನ್ ಬರೀ ನಕಲುಗಾರನೂ ಅಲ್ಲ. ಕಥೆಗೆ ಬೇಕಾದರೆ ಸಂಗತಿಯನ್ನು ಪಕ್ಕಕ್ಕೆ ತಳ್ಳುವ ಧೈರ್ಯ ಆತನಿಗಿತ್ತು. ಮುಂಬಯಿ–ಕಲ್ಕತ್ತಾ ರೈಲುಮಾರ್ಗ 1870ರಲ್ಲೇ ಕೂಡಿಕೊಂಡಿತ್ತು. 1872ರಲ್ಲಿ ಭೂಮಿ ಸುತ್ತಲು ಹೊರಟ ಆತನ ಕಥಾನಾಯಕ ಫಿಲಿಯಸ್ ಫಾಗ್‌ಗೆ ಮಾತ್ರ ನಡುದಾರಿಯಲ್ಲಿ ಹಳಿಯೇ ಮುಗಿದುಹೋಗುತ್ತದೆ. ಇಲ್ಲದಿದ್ದರೆ ಆನೆ ಸವಾರಿ ಎಲ್ಲಿಂದ ಬರಬೇಕು? ಕೆಲವೊಮ್ಮೆ ಕಥೆಯನ್ನು ತಿರುಗಿಸುತ್ತಿದ್ದದ್ದು ಪ್ರಕಾಶಕನ ಗಲ್ಲಾಪೆಟ್ಟಿಗೆ. ನೆಮೋ ರಷ್ಯದ ಮೇಲೆ ಸೇಡು ತೀರಿಸಿಕೊಳ್ಳುವ ಪೋಲಿಷ್ ಸರದಾರನಾಗಬೇಕೆಂದು ವರ್ನ್ ಬಯಸಿದ್ದ. ರಷ್ಯದ ಓದುಗರನ್ನು ಕಳೆದುಕೊಳ್ಳಲು ಎತ್ಸೆಲ್ ಒಪ್ಪಲಿಲ್ಲ. ಹೀಗಾಗಿ ಮೊದಲ ಕಾದಂಬರಿಯಲ್ಲಿ ನೆಮೋನಿಗೆ ದೇಶವೇ ಇಲ್ಲ. 1875ರಲ್ಲಿ ಮುಗಿದ 'ನಿಗೂಢ ದ್ವೀಪ'ದಲ್ಲಿ ಸಾಯುವ ಮುನ್ನ ಆತ ತಾನು ರಾಜಕುಮಾರ ಡಕ್ಕರ್ ಎಂದು ತಿಳಿಸುತ್ತಾನೆ. ಬುಂದೇಲಖಂಡದ ರಾಜನ ಮಗ, 1857ರಲ್ಲಿ ಇಂಗ್ಲಿಷರ ವಿರುದ್ಧ ಕಾದಾಡಿದವನು, ಅಷ್ಟೇ ಅಲ್ಲ, ಟಿಪ್ಪು ಸಾಹೇಬನ ಸೋದರಸಂಬಂಧದ ಮಗ. ಟಿಪ್ಪು ಫ್ರೆಂಚರ ನೆನಪಿನಲ್ಲಿ ತಮ್ಮ ಮಿತ್ರ, ಇಂಗ್ಲಿಷರ ಶತ್ರು. ನೆಪೋಲಿಯನ್ ಕೈರೋದಿಂದ ಆತನಿಗೆ ಬರೆದ ಕಾಗದ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತ್ತು. ಹೀಗಿರುವಾಗ ಆ ಹೆಸರೊಂದೇ ಪ್ಯಾರಿಸ್ಸಿನ ಓದುಗನಿಗೆ ಸಾಕಾಗಿತ್ತು. ಚಂದ್ರನಿಗಾಗಿ ಅಕ್ಷಾಂಶ ಅಳೆದ ವರ್ನ್, ಬುಂದೇಲಖಂಡದ ಅರಮನೆಗೂ ಶ್ರೀರಂಗಪಟ್ಟಣದ ಸುಲ್ತಾನನಿಗೂ ನಂಟಸ್ತನ ಹೇಗೆ ಬೆಳೆಯಿತೆಂದು ವಿಚಾರಿಸಲು ಹೋಗಲಿಲ್ಲ.