ಲಾಫ್ಟ್ ಮನೆ ಎಂದರೇನು? ಹೈದರಾಬಾದ್‌ನ ಹಳೆ ಕಟ್ಟಡಗಳಿಗೆ ಅದು ಒಗ್ಗುತ್ತಾ?

ಹೈದರಾಬಾದ್: ಲಾಫ್ಟ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅಡುಗೆಮನೆಯ ಮೇಲಿನ ಅಟ್ಟ, ಹಳೆ ಪಾತ್ರೆ-ಸೂಟ್‌ಕೇಸ್ ತುಂಬುವ ಜಾಗ. ರಿಯಲ್ ಎಸ್ಟೇಟ್ ಜಾಹೀರಾತಿನ ಲಾಫ್ಟ್ ಬೇರೆ. ಹಳೆ ಕಾರ್ಖಾನೆ, ಗೋದಾಮುಗಳ ಎತ್ತರದ ಸೂರು, ದೊಡ್ಡ ಕಿಟಕಿ, ಅಡ್ಡಗೋಡೆಗಳಿಲ್ಲದ ಮಹಡಿಯನ್ನು ಹಾಗೇ ಉಳಿಸಿಕೊಂಡು ಮಾಡಿದ ಮನೆ ಅದು. ನ್ಯೂಯಾರ್ಕ್‌ನ ಸೋಹೋದಲ್ಲಿ ಖಾಲಿ ಬಿದ್ದ ಕಾರ್ಖಾನೆಗಳಲ್ಲಿ ಕಲಾವಿದರು ಅನುಮತಿ ಇಲ್ಲದೆಯೇ ವಾಸಕ್ಕಿಳಿದರು. 1971ರಲ್ಲಿ ನಗರಾಡಳಿತ ಅದನ್ನು ಸಕ್ರಮ ಮಾಡಿತು. ಆಮೇಲೆ ಬೆಲೆ ಎಷ್ಟು ಏರಿತೆಂದರೆ ಹಲವು ಕಲಾವಿದರೇ ಅಲ್ಲಿಂದ ಹೊರಬೀಳಬೇಕಾಯಿತು.

ಹೈದರಾಬಾದ್‌ನ ಹೆಸರಾಂತ ಹಳೆ ಕಟ್ಟಡಗಳು ಗೋದಾಮುಗಳಲ್ಲ. ನವಾಬರ ಅರಮನೆಗಳು, ಅಂಗಳದ ಸುತ್ತ ಕೋಣೆಗಳಿರುವ ದೇವಡಿಗಳು. ದಪ್ಪ ಗೋಡೆಯ ಇಂಥ ಕಟ್ಟಡವನ್ನು ಫ್ಲಾಟ್‌ಗಳಾಗಿ ಹಂಚುವುದು ಸುಲಭವಲ್ಲ. ಹಾಗಾಗಿ ಇಲ್ಲಿ ಐಷಾರಾಮಿ ವಾಸ ಹೋಟೆಲ್ ರೂಪದಲ್ಲಿ ಬಂತು. ಅದಕ್ಕೆ ದೊಡ್ಡ ಉದಾಹರಣೆ ಫಲಕ್‌ನುಮಾ. ಪೈಗಾ ಮನೆತನದ ವಿಕಾರ್-ಉಲ್-ಉಮ್ರಾ 1884ರಲ್ಲಿ ಕಟ್ಟಲು ಆರಂಭಿಸಿದ ಈ ಅರಮನೆ ನಂತರ 6ನೇ ನಿಜಾಮ ಮಹಬೂಬ್ ಅಲಿ ಖಾನ್ ಪಾಲಾಯಿತು. 101 ಮಂದಿ ಒಟ್ಟಿಗೆ ಕೂರುವ ಊಟದ ಮೇಜು ಇಲ್ಲಿದೆ. 1950ರ ದಶಕದ ನಂತರ ಬಹುಪಾಲು ಬಾಗಿಲು ಮುಚ್ಚಿಯೇ ಇತ್ತು. ರಾಜಕುಮಾರಿ ಎಸ್ರಾ ಅವರ ಉಸ್ತುವಾರಿಯಲ್ಲಿ ವರ್ಷಗಟ್ಟಲೆ ದುರಸ್ತಿ ನಡೆದು, 2010ರಲ್ಲಿ ತಾಜ್ ಹೋಟೆಲ್ ಆಗಿ ತೆರೆಯಿತು. ದುಡ್ಡಿದ್ದವರು ಒಂದೆರಡು ರಾತ್ರಿ ತಂಗಬಹುದು, ಮನೆ ಮಾಡಿಕೊಳ್ಳಲಾಗದು.

ನಗರದ ಇನ್ನೊಂದು ದಿಕ್ಕಿನ ತಾರ್ನಾಕದಲ್ಲಿ ಬೇರೆ ಚಿತ್ರ. ಪಕ್ಕದ ಉಸ್ಮಾನಿಯಾ ವಿಶ್ವವಿದ್ಯಾಲಯದ ಆರ್ಟ್ಸ್ ಕಾಲೇಜು ಕಟ್ಟಡ 1939ರಲ್ಲಿ ಉದ್ಘಾಟನೆಯಾಯಿತು. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ್, ರಾಯಚೂರಿನವರಿಗೂ ಆಗ ಇದೇ ವಿಶ್ವವಿದ್ಯಾಲಯ. ಕಟ್ಟಿದ್ದು ಪಾಠಕ್ಕೆ, ಇಂದಿಗೂ ನಡೆಯುತ್ತಿರುವುದು ಪಾಠವೇ. ಕೋಠಿಯ ಬ್ರಿಟಿಷ್ ರೆಸಿಡೆನ್ಸಿಯೂ 1949ರಲ್ಲಿ ಮಹಿಳಾ ಕಾಲೇಜಾಯಿತು. ಆದರೆ ಬಳಕೆಯಲ್ಲಿದ್ದೂ ನಿರ್ವಹಣೆಯಿಲ್ಲದೆ ಆ ಕಟ್ಟಡ ಶಿಥಿಲವಾಗಿ, ದೊಡ್ಡ ಮಟ್ಟದ ದುರಸ್ತಿ ಬೇಕಾಯಿತು.

ಕಾನೂನಿನ ರಕ್ಷಣೆಯೂ ಸ್ಥಿರವಾಗಿಲ್ಲ. ಪಾರಂಪರಿಕ ಕಟ್ಟಡಗಳನ್ನು ಕಾಯುತ್ತಿದ್ದ ನಗರ ಯೋಜನೆಯ 13ನೇ ನಿಯಮವನ್ನು ಸರ್ಕಾರ 2015ರಲ್ಲಿ ಕೈಬಿಟ್ಟಿತು. 2017ರಲ್ಲಿ ತೆಲಂಗಾಣ ಪರಂಪರೆ ಕಾಯ್ದೆ ಬಂತು. 2019ರಲ್ಲಿ ಹೊಸ ವಿಧಾನಸಭೆಗಾಗಿ ಇರ್ರಂ ಮಂಜಿಲ್ ಕೆಡವುವ ನಿರ್ಧಾರವನ್ನು ಹೈಕೋರ್ಟ್ ರದ್ದುಪಡಿಸಿದ್ದರಿಂದ ಆ ಅರಮನೆ ಉಳಿಯಿತು.

'ಹೆರಿಟೇಜ್ ಲಾಫ್ಟ್' ಎಂಬ ಜಾಹೀರಾತು ಕಂಡರೆ ಮುಂಗಡ ಕೊಡುವ ಮೊದಲು ಕೇಳಬೇಕಾದದ್ದು ಇಷ್ಟು: ಕಟ್ಟಡ ನಿಜಕ್ಕೂ ಹಳೆಯದೇ, ಇಲ್ಲವೇ ಹೊಸ ಅಪಾರ್ಟ್‌ಮೆಂಟ್‌ಗೆ ಎತ್ತರದ ಸೂರು ಹಾಕಿ ಆ ಹೆಸರಿಟ್ಟದ್ದೇ? ಹಳೆಯದಾದರೆ ಪರಂಪರೆ ಪಟ್ಟಿಯಲ್ಲಿದೆಯೇ, ವಾಸಕ್ಕೆ ಬದಲಿಸಲು ಅನುಮತಿ ಸಿಕ್ಕಿದೆಯೇ?