ಕಲೆಯಿಂದ ಕಡತಕ್ಕೆ: ಭಾರತದ ಮಕ್ಕಳ ಲಸಿಕಾ ನೋಂದಣಿಯ ಚರಿತ್ರೆ

ಬ್ರಿಟಿಷ್ ಆಡಳಿತವು 1880ರಲ್ಲಿ ಜಾರಿಗೆ ತಂದ ಲಸಿಕಾ ಕಾಯ್ದೆಯು, ತಾನು ಅನ್ವಯವಾದ ಪುರಸಭೆಗಳಲ್ಲಿಯೂ ದಂಡು ಪ್ರದೇಶಗಳಲ್ಲಿಯೂ ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕಿಸುವುದನ್ನು ಕಡ್ಡಾಯಗೊಳಿಸಿ, ಲಸಿಕೆ ಫಲಿಸಿದೆಯೇ ಎಂದು ಪರೀಕ್ಷಿಸಿದ ಬಳಿಕ ಪ್ರಮಾಣಪತ್ರ ನೀಡುವ ಕ್ರಮವನ್ನು ಗೊತ್ತುಪಡಿಸಿತು. ಆದರೆ ಸಿಡುಬಿನ ಲಸಿಕೆಯು ತೋಳಿನ ಮೇಲೆ ಶಾಶ್ವತವಾದ ಕಲೆಯನ್ನು ಉಳಿಸುತ್ತಿದ್ದುದರಿಂದ, ಕಾಗದ ಕಳೆದುಹೋದರೂ ಮಗುವಿನ ಮೈಯೇ ಸಾಕ್ಷಿಯಾಗಿರುತ್ತಿತ್ತು. 1977ರಲ್ಲಿ ಭಾರತವು ಸಿಡುಬುಮುಕ್ತವೆಂದು ಘೋಷಿತವಾಗುವವರೆಗೂ ವ್ಯಕ್ತಿವಾರು ನೋಂದಣಿಯ ಅಗತ್ಯವು ತೀವ್ರವಾಗಿ ಕಾಣದಿದ್ದುದಕ್ಕೆ ಇದೂ ಒಂದು ಕಾರಣ.

1978ರ ವಿಸ್ತೃತ ಲಸಿಕಾ ಕಾರ್ಯಕ್ರಮ ಮತ್ತು 1985ರ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಗಳು ಈ ಸ್ಥಿತಿಯನ್ನು ಬದಲಿಸಿದವು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳನ್ನು ಒಟ್ಟಾಗಿ ತಡೆಯುವ ಡಿಪಿಟಿಯಾಗಲಿ, ಬಾಯಿಗೆ ಹಾಕುವ ಪೋಲಿಯೊ ಹನಿಯಾಗಲಿ ಹಲವು ಸಲ ಕೊಡಬೇಕಾದವು. ಕ್ಷಯದ ವಿರುದ್ಧದ ಬಿಸಿಜಿಯಂತೆ ಗುರುತನ್ನು ಉಳಿಸುವಂಥವೂ ಅಲ್ಲ. ಹಾಗಾಗಿ ತಾಯಿಯ ಕೈಗೆ ಒಂದು ಕಾರ್ಡ್ ಕೊಟ್ಟು, ಅದರ ಪ್ರತಿಭಾಗವನ್ನು ತಿಂಗಳಿಗೊಂದರಂತೆ ಜೇಬುಗಳಿದ್ದ ಚೀಲದಲ್ಲಿ, ಮುಂದಿನ ಲಸಿಕೆಯ ತಿಂಗಳಿಗೆ ಅನುಗುಣವಾಗಿ ಇಡುವ ಪದ್ಧತಿ ಉಪಕೇಂದ್ರಗಳಲ್ಲಿ ರೂಢಿಗೆ ಬಂತು. ತಿಂಗಳು ಮುಗಿದರೂ ಜೇಬಿನಲ್ಲೇ ಉಳಿದ ಚೀಟಿಯು ಲಸಿಕೆ ತಪ್ಪಿಸಿಕೊಂಡ ಮಗುವನ್ನು ತೋರಿಸುತ್ತಿತ್ತು. ಆದರೆ ಉಪಕೇಂದ್ರದಿಂದ ಮೇಲಕ್ಕೆ ಹೋಗುತ್ತಿದ್ದ ವರದಿಯಲ್ಲಿ ಹೆಸರುಗಳು ಅಳಿದು ಡೋಸುಗಳ ಮೊತ್ತವಷ್ಟೇ ಉಳಿಯುತ್ತಿತ್ತು. ಆ ಮೊತ್ತವನ್ನು ಅಂದಾಜು ಶಿಶುಸಂಖ್ಯೆಯಿಂದ ಭಾಗಿಸಿ ಸಾಧನೆಯನ್ನು ಅಳೆಯುತ್ತಿದ್ದುದರಿಂದ, ಅಂದಾಜು ತಪ್ಪಿದೆಡೆ ಫಲಿತಾಂಶ ಶೇಕಡಾ 100ನ್ನು ಮೀರುವುದೂ ಸಾಧ್ಯವಿತ್ತು.

ಈ ಕೊರತೆಯನ್ನು ನೀಗಿಸಲು 2009ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ತಾಯಿ ಮತ್ತು ಮಗುವಿನ ಜಾಡು ಹಿಡಿಯುವ ಗಣಕೀಕೃತ ವ್ಯವಸ್ಥೆಯನ್ನು ಆರಂಭಿಸಿ, ಗರ್ಭಿಣಿಗೂ ಶಿಶುವಿಗೂ ಪ್ರತ್ಯೇಕ ಗುರುತಿನ ಸಂಖ್ಯೆ ಕೊಡುವ ಏರ್ಪಾಡು ಮಾಡಿತು. ಮುಂದೆ ಅದು ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯದ ಪೋರ್ಟಲ್ ಆಗಿ ಬೆಳೆಯಿತು. ಕರ್ನಾಟಕದಲ್ಲಿ ತಾಯಿ ಕಾರ್ಡ್ ಎಂದೇ ಪರಿಚಿತವಾದ ಪುಸ್ತಿಕೆಯ ಜೊತೆಗೆ ಆರೋಗ್ಯ ಸಹಾಯಕಿಯರು ವಹಿಯನ್ನೂ ಬರೆದು ಗಣಕಕ್ಕೂ ತುಂಬಬೇಕಾದುದರಿಂದ ಕೆಲಸ ಇಮ್ಮಡಿಯಾಯಿತು. ಕಲ್ಯಾಣ ಕರ್ನಾಟಕದಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳ ಮಕ್ಕಳ ವಿಷಯದಲ್ಲಂತೂ, ಒಂದೂರಿನ ವಹಿ ಮತ್ತೊಂದೂರಿಗೆ ನೆರವಾಗಲಿಲ್ಲ.

ಕೋವಿಡ್ ಕಾಲದ ಕೋವಿನ್ ವ್ಯವಸ್ಥೆಯ ಮಾದರಿಯಲ್ಲಿ, 2023ರಲ್ಲಿ ಆಯ್ದ ಜಿಲ್ಲೆಗಳಲ್ಲಿ ಪ್ರಯೋಗಕ್ಕೆ ಬಂದ ಯು-ವಿನ್, ಯಾವುದೇ ಊರಿನಲ್ಲಿ ಹಾಕಿಸಿದ ಲಸಿಕೆಯನ್ನೂ ಮಗುವಿನ ಒಂದೇ ದಾಖಲೆಗೆ ಸೇರಿಸುವ ಉದ್ದೇಶದಿಂದ ರೂಪುಗೊಂಡಿದೆ. ಆದರೂ ಗಣಕವು ತನ್ನಲ್ಲಿ ಹೆಸರು ಸೇರಿದ ಮಗುವನ್ನು ಮಾತ್ರ ನೆನಪಿಸಬಲ್ಲದು. ಆ ಹೆಸರನ್ನು ಮೊದಲು ಸೇರಿಸುವವರು ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಯರು ಮತ್ತು ಆರೋಗ್ಯ ಸಹಾಯಕಿಯರೇ ಆಗಿರುವುದರಿಂದ, ರಾಷ್ಟ್ರೀಯ ನೋಂದಣಿಯ ವಿಶ್ವಾಸಾರ್ಹತೆ ಅಂತಿಮವಾಗಿ ಅವರ ಸಮೀಕ್ಷೆಯನ್ನೇ ಅವಲಂಬಿಸಿದೆ.